ಜಜ್ಜಿದ ಕಾರು ನುಡಿಯುವ ಸಾಕ್ಷಿ

ರಸ್ತೆಯ ತಿರುವಿನಲ್ಲಿ ಒಂದು ಕಾರು ಮರಕ್ಕೆ ಬಡಿದು ನಿಂತಿತೆಂದರೆ ಸಾಕು, ಐದು ನಿಮಿಷಗಳೊಳಗೆ ಅದರ ಸುತ್ತ ಒಂದು ಪರಿಷತ್ತೇ ನೆರೆಯುತ್ತದೆ. ಒಬ್ಬನು ಚಾಲಕನ ವೇಗವನ್ನು ನಿಂದಿಸುತ್ತಾನೆ. ಇನ್ನೊಬ್ಬನು ರಸ್ತೆಯ ಹಳ್ಳವನ್ನು ಹಳಿಯುತ್ತಾನೆ. ಮೂರನೆಯವನು, "ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ, ಸ್ವಾಮಿ" ಎಂದು ರಿಪೇರಿಯ ಲೆಕ್ಕವನ್ನೂ ಒಪ್ಪಿಸಿಬಿಡುತ್ತಾನೆ. ಇವರ ಮಾತಿಗೆ ತೆರಿಗೆಯೂ ಇಲ್ಲ, ಬೆಲೆಯೂ ಇಲ್ಲ. ಬೆಲೆಯುಳ್ಳ ಮಾತನ್ನು ಆಡಬೇಕಾದವನು ಮರುದಿನ ಗ್ಯಾರೇಜಿಗೆ ಬರುತ್ತಾನೆ. ಬಂದವನು ಬೇಗನೆ ಬಾಯಿ ತೆರೆಯುವುದಿಲ್ಲ. ಕಾರಿನ ಸುತ್ತ ಎರಡು ಸಲ ನಡೆಯುತ್ತಾನೆ. ನೆಲಕ್ಕೆ ಮಂಡಿಯೂರಿ ಅಡಿಭಾಗವನ್ನು ಇಣುಕುತ್ತಾನೆ. ತಗಡಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಕಾರಿನ ಯಜಮಾನರಿಗೆ ಒಳಗೊಳಗೇ ಕಸಿವಿಸಿ: ಇವನು ಹಾನಿಯನ್ನು ನೋಡಲು ಬಂದವನೋ, ತಪ್ಪನ್ನು ಹುಡುಕಲು ಬಂದವನೋ?

ಆತನೇ ವಿಮೆಯ ಸರ್ವೇಯರು. ಕಾಯಿದೆಯ ಭಾಷೆಯಲ್ಲಿ, ಹಾನಿಯನ್ನು ನಿರ್ಧರಿಸುವವನು. ಆತ ಕಂಪನಿಯ ಗುಮಾಸ್ತನೆಂದು ಬಹಳ ಮಂದಿ ತಿಳಿದಿರುತ್ತಾರೆ. ಈ ತಿಳಿವಳಿಕೆ ಪೂರ್ತಿ ಸರಿಯಲ್ಲ. 1938ರ ವಿಮಾ ಕಾಯಿದೆಗೆ 1968ರಲ್ಲಿ ತಂದ ತಿದ್ದುಪಡಿಯಿಂದ 64ಯುಎಂ ಎಂಬ ಕಲಮು ಸೇರಿತು. ಗೊತ್ತುಪಡಿಸಿದ ಮೊತ್ತಕ್ಕೆ ಮೀರಿದ ನಷ್ಟವಾದಾಗ, ಪರವಾನಗಿ ಪಡೆದ ಸರ್ವೇಯರನ ವರದಿ ಇಲ್ಲದೆ ಕಂಪನಿಯು ಕ್ಲೇಮನ್ನು ತೀರಿಸಕೂಡದೆಂಬುದು ಅದರ ಸಾರ. ಆ ಮೊತ್ತವು ಬಹುಕಾಲ 20,000 ರೂಪಾಯಿ ಇತ್ತು. 2015ರ ತಿದ್ದುಪಡಿಯ ತರುವಾಯ ಅದನ್ನು ವಿಮಾ ನಿಯಂತ್ರಣ ಪ್ರಾಧಿಕಾರವು ತನ್ನ ನಿಯಮಗಳಲ್ಲಿ ಗೊತ್ತುಮಾಡುತ್ತದೆ. ಸಣ್ಣಪುಟ್ಟ ಹಾನಿಗಳನ್ನು ಕಂಪನಿಯ ನೌಕರರೇ ನೋಡುವುದುಂಟು. ದೊಡ್ಡ ಹಾನಿಗೆ ಮಾತ್ರ ಪರವಾನಗಿ ಉಳ್ಳ ಸ್ವತಂತ್ರ ಕಣ್ಣು ಬೇಕೇ ಬೇಕು.

ಈ ಕಣ್ಣು ಹುಟ್ಟಿನಿಂದ ಬರುವಂಥದಲ್ಲ. ಮೋಟಾರು ವಿಭಾಗದ ಸರ್ವೇಯರು ಸಾಮಾನ್ಯವಾಗಿ ಇಂಜಿನಿಯರಿಂಗಿನಲ್ಲಿ ಪದವಿಯನ್ನೋ ಡಿಪ್ಲೊಮಾವನ್ನೋ ಪಡೆದವನು. ಅನುಭವಸ್ಥರ ಕೈಕೆಳಗೆ ಪಳಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದವನು. ಹೈದರಾಬಾದಿನಲ್ಲಿ ಈ ವೃತ್ತಿಯವರದೇ ಆದ ರಾಷ್ಟ್ರೀಯ ಸಂಸ್ಥೆಯೊಂದಿದೆ. ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೊ ಎಂದು ಅದರ ಸದಸ್ಯತ್ವಕ್ಕೆ ಮೂರು ಮೆಟ್ಟಿಲು. ಇಷ್ಟೆಲ್ಲ ಕಲಿತವನು ಮೊದಲು ಕೇಳಿಕೊಳ್ಳುವ ಪ್ರಶ್ನೆ "ಎಷ್ಟು ಖರ್ಚಾದೀತು?" ಎಂಬುದಲ್ಲವೆನ್ನುವುದು ಸೋಜಿಗದ ಸಂಗತಿ. ಆತನ ಮೊದಲ ಪ್ರಶ್ನೆ, "ಇದು ಹೇಗಾಯಿತು?" ಕಾರಣವನ್ನರಿಯದೆ ಬೆಲೆ ಕಟ್ಟಹೊರಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾದೀತು.

ತಗಡಿನ ಮೇಲಿನ ಲಿಪಿ

ಕ್ಲೇಮಿನ ಅರ್ಜಿಯಲ್ಲಿ ಯಜಮಾನರು ಒಂದು ಕಥೆಯನ್ನು ಬರೆದಿರುತ್ತಾರೆ. ಕಾರಿನ ತಗಡು ಇನ್ನೊಂದು ಕಥೆಯನ್ನು ಹೇಳುತ್ತಿರುತ್ತದೆ. ಎರಡೂ ಒಂದೇ ಆದರೆ ಎಲ್ಲರಿಗೂ ನೆಮ್ಮದಿ. ಸರ್ವೇಯರು ಓದಬೇಕಾದುದು ಈ ತಗಡಿನ ಲಿಪಿಯನ್ನು.

ಗೀರನ್ನೇ ನೋಡಬಹುದು. ಉಜ್ಜಿಕೊಂಡು ಹೋದ ವಸ್ತು ಯಾವ ಕಡೆಯಿಂದ ಬಂದು ಯಾವ ಕಡೆಗೆ ಸಾಗಿತೆಂಬುದನ್ನು ಅದೇ ತಿಳಿಸುತ್ತದೆ. ಗೀರು ಮುಗಿಯುವ ತುದಿಯಲ್ಲಿ ಬಣ್ಣದ ಹೊಟ್ಟು ಗುಡ್ಡೆಗೂಡಿರುತ್ತದೆ. ಎರಡು ವಾಹನಗಳು ತಾಗಿದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ಅಂಟಿರುವುದು ಸಹಜ. "ಕೆಂಪು ಬಸ್ಸು ಬಡಿಯಿತು" ಎಂದು ಬರೆದ ಅರ್ಜಿಯ ಜೊತೆಗೆ ನೀಲಿ ಬಣ್ಣ ಮೆತ್ತಿದ ಬಾಗಿಲು ಬಂದರೆ ಇನ್ನೆರಡು ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ನೆಲದಿಂದ ಎಷ್ಟು ಎತ್ತರದಲ್ಲಿ ಪೆಟ್ಟು ಬಿದ್ದಿದೆಯೆಂದು ಟೇಪು ಹಿಡಿದು ಅಳೆಯುವುದೂ ಉಂಟು. ಬಸ್ಸಿನ ಬಂಪರಿನ ಎತ್ತರವೇ ಬೇರೆ, ಸ್ಕೂಟರಿನ ಹಿಡಿಯ ಎತ್ತರವೇ ಬೇರೆ. ಇಲ್ಲಿಯೂ ಆತುರ ಸಲ್ಲದು. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಕಾರಿನ ಮೂತಿ ಕೆಳಕ್ಕೆ ಬಾಗುವುದರಿಂದ, ನಿಂತ ಕಾರಿನಲ್ಲಿ ಅಳೆದ ಎತ್ತರಕ್ಕೂ ಅಪಘಾತದ ಗಳಿಗೆಯ ಎತ್ತರಕ್ಕೂ ಒಂದಿಷ್ಟು ವ್ಯತ್ಯಾಸವಿದ್ದೀತು. ಅದನ್ನು ತಿಳಿಯದ ಸರ್ವೇಯರು ಸತ್ಯವಂತನನ್ನೇ ಸುಳ್ಳುಗಾರನೆಂದಾನು.

ಹೊಸ ಗಾಯವೂ ಹಳೆಯ ಗಾಯವೂ ನೋಟಕ್ಕೆ ಬೇರೆಯಾಗಿರುತ್ತವೆ. ಈಗ ತಾನೆ ಹರಿದ ಉಕ್ಕಿನ ಅಂಚು ಹೊಳೆಯುತ್ತದೆ. ಹಳೆಯದರಲ್ಲಿ ತುಕ್ಕು ಮೂಡಿ, ಬಿರುಕಿನೊಳಗೆ ದೂಳು ಕೂತಿರುತ್ತದೆ. ಹಿಂದೊಮ್ಮೆ ನುಗ್ಗಾದ ಬಾಗಿಲಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಕಣ್ಣು ಮೋಸಹೋಗಬಹುದು, ಆಯಸ್ಕಾಂತವು ಮೋಸಹೋಗದು. ದಪ್ಪ ಪುಟ್ಟಿಯ ಮೇಲೆ ಅದು ಕಚ್ಚುವುದಿಲ್ಲ. ಬಣ್ಣದ ಪದರವನ್ನು ಅಳೆಯುವ ಪುಟ್ಟ ಯಂತ್ರವೂ ಈಗ ಸರ್ವೇಯರ ಚೀಲದಲ್ಲಿರುತ್ತದೆ. ಕಾರ್ಖಾನೆಯಿಂದ ಹೊರಬಂದ ಕಾರಿನ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು. ಮಿಲಿಮೀಟರಿನ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ಯಂತ್ರದ ಮುಳ್ಳು ಅದರ ಐದಾರು ಪಟ್ಟು ತೋರಿದರೆ, ಆ ಜಾಗದಲ್ಲಿ ಹಿಂದೆ ಏನೋ ನಡೆದಿದೆಯೆಂದೇ ಅರ್ಥ. ಇದರಿಂದ ಯಜಮಾನರು ಕಪಟಿಗಳೆಂದಾಗುವುದಿಲ್ಲ. ಹಳೆಯ ಗಾಯಕ್ಕೆ ಈ ಸಲದ ಹಣವಿಲ್ಲ, ಅಷ್ಟೆ.

ಎಲ್ಲಕ್ಕಿಂತ ಕುತೂಹಲದ ಸಾಕ್ಷಿಯೆಂದರೆ ತಂತಿಯ ಬಲ್ಬು. ರಾತ್ರಿಯ ಅಪಘಾತಗಳಲ್ಲಿ, "ಎದುರಿನ ಗಾಡಿಗೆ ದೀಪವೇ ಇರಲಿಲ್ಲ" ಎಂಬ ವಾದ ಬಹು ಸಾಮಾನ್ಯ. ದೀಪವು ಉರಿಯುತ್ತಿದ್ದಾಗ ಪೆಟ್ಟು ಬಿದ್ದರೆ, ಕಾದು ಮೆತ್ತಗಾಗಿದ್ದ ಟಂಗ್‌ಸ್ಟನ್ ತಂತಿಯು ಜಗ್ಗಿ ಉದ್ದವಾಗುತ್ತದೆ. ಆರಿದ್ದ ದೀಪದ ತಂತಿಯು ತಣ್ಣಗೆ ಪೆಡಸಾಗಿರುವುದರಿಂದ ಪಟ್ಟನೆ ತುಂಡಾಗುತ್ತದೆ. ಉರಿಯುತ್ತಿದ್ದ ಬಲ್ಬಿನ ಗಾಜು ಒಡೆದರೆ ಕಾದ ತಂತಿಗೆ ಗಾಳಿ ತಗಲಿ, ಹಳದಿ ಬಿಳುಪಿನ ಪುಡಿ ಮೂಡಿರುತ್ತದೆ. ಬೆರಳುದ್ದದ ಬಲ್ಬೊಂದು ಹೀಗೆ ಎರಡು ಕುಟುಂಬಗಳ ವ್ಯಾಜ್ಯಕ್ಕೆ ತೀರ್ಪಿನ ದಾರಿ ತೋರಬಲ್ಲದು. ಈಚಿನ ಎಲ್‌ಇಡಿ ದೀಪಗಳಲ್ಲಿ ತಂತಿಯೇ ಇಲ್ಲ. ಆದರೆ ಕೆಲವು ಹೊಸ ಕಾರುಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಕವು ಅಪಘಾತದ ಗಳಿಗೆಯ ವಿವರಗಳನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಸಾಕ್ಷಿಯ ರೂಪ ಬದಲಾಗಿದೆ. ಅದನ್ನು ಓದುವವನ ಹೊಣೆ ಬದಲಾಗಿಲ್ಲ.

ಕಾಣುವ ಪೆಟ್ಟು, ಕಾಣದ ಪೆಟ್ಟು

ಮನುಷ್ಯನಂತೆಯೇ ಕಾರಿಗೂ ಒಳಪೆಟ್ಟು ಬೀಳುವುದುಂಟು. ಈ ಕಾಲದ ಕಾರಿನ ಒಡಲು ಒಂದೇ ಪೆಟ್ಟಿಗೆಯಂತೆ ಬೆಸೆದುಕೊಂಡಿರುವುದರಿಂದ, ಮುಂದಿನ ಮೂಲೆಗೆ ಬಿದ್ದ ಹೊಡೆತವು ಹಿಂದಿನ ಬಾಗಿಲವರೆಗೂ ಹರಿದೀತು. ಅನುಭವಿಯಾದ ಸರ್ವೇಯರು ಪೆಟ್ಟು ಬಿದ್ದ ಕಡೆಯನ್ನು ಬಿಟ್ಟು ಪೆಟ್ಟು ಬೀಳದ ಕಡೆಯನ್ನು ಮೊದಲು ನೋಡುವುದು ಅದಕ್ಕಾಗಿಯೇ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವಣ ಸಂದು ಎರಡೂ ಕಡೆ ಸಮವಾಗಿದೆಯೆ? ಹಿಂದಿನ ಬಾಗಿಲು ಸಲೀಸಾಗಿ ಮುಚ್ಚುತ್ತದೆಯೆ? ಬಡಗಿಯು ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ಅದು ನೆಟ್ಟಗಿದೆಯೆಂದು ಖಚಿತಪಡಿಸಿಕೊಳ್ಳುವಂತೆಯೇ ಕಾರಿನ ಅಡಿಗಟ್ಟನ್ನೂ ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಅಷ್ಟಾದರೂ ಕೆಲವು ಹಾನಿಗಳು ಬಿಡಿಭಾಗಗಳನ್ನು ಕಳಚಿದ ಮೇಲೆಯೇ ಹೊರಬೀಳುತ್ತವೆ. ಆಗ ಸರ್ವೇಯರನ್ನು ಮತ್ತೊಮ್ಮೆ ಕರೆದು ತೋರಿಸದೆ ಕೆಲಸ ಮುಂದುವರಿಸಿದ ಗ್ಯಾರೇಜಿನವರ ಆತುರಕ್ಕೆ ಯಜಮಾನರೇ ತೆರಬೇಕಾದೀತು.

ಇನ್ನು ನೆಟ್ಟಗೆ ಮಾಡುವುದೋ, ಹೊಸದನ್ನು ಹಾಕುವುದೋ ಎಂಬ ಪ್ರಶ್ನೆ. ಯಜಮಾನರಿಗೆ ಎಲ್ಲವೂ ಹೊಸದಾಗಬೇಕು. ಕಂಪನಿಗೆ ಎಲ್ಲವೂ ಸುತ್ತಿಗೆಯಲ್ಲೇ ಸರಿಯಾಗಬೇಕು. ಎರಡು ಆಸೆಗಳಿಗೂ ಲೋಹಶಾಸ್ತ್ರವು ಕಿವಿಗೊಡುವುದಿಲ್ಲ. ಬಾನೆಟ್ಟು, ಬಾಗಿಲು, ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನಿಂದ ಬಿಗಿದವು. ಕಳಚಿ ಬದಲಿಸುವುದು ಸುಲಭ. ಮಾಳಿಗೆ, ಕಂಬಗಳು, ಹಿಂಬದಿಯ ಪಕ್ಕೆಗಳು ಬೆಸುಗೆ ಹಾಕಿದವು, ಕತ್ತರಿಸದೆ ಬದಲಿಸಲಾಗದು. ಸಾಧಾರಣ ಉಕ್ಕಿನ ತಗಡನ್ನು ಜಾಣ ಕೆಲಸಗಾರನು ಎಳೆದು ಬಡಿದು ಮೊದಲಿನಂತೆ ಮಾಡಬಲ್ಲ. ಆದರೆ ಬಾಗಿಲುಗಳ ನಡುವಣ ಕಂಬಕ್ಕೆ ಈಚಿನ ಅನೇಕ ಕಾರುಗಳಲ್ಲಿ ಬಳಸುವ ಬೋರಾನ್ ಬೆರೆತ ಗಟ್ಟಿ ಉಕ್ಕನ್ನು ಕಾಯಿಸಿ ಬಡಿದರೆ ಆಕಾರವು ಮರಳಿ ಬಂದೀತೇ ಹೊರತು ಬಲವು ಬಾರದು. ಮುಂದೊಂದು ದಿನ ಪಕ್ಕದಿಂದ ಲಾರಿ ಬಂದು ಬಡಿದಾಗ ಆ ಕಂಬದ ಹಿಂದೆ ಕೂತಿರುವುದು ಯಾರದೋ ಮಗು. ಸರ್ವೇಯರು "ಬದಲಿಸಿ" ಎಂದು ಬರೆಯಬೇಕಾದೆಡೆಯಲ್ಲಿ "ರಿಪೇರಿ" ಎಂದು ಬರೆದರೆ ಉಳಿಯುವ ಹಣ ಕೆಲವು ಸಾವಿರ. ಪಣಕ್ಕಿಟ್ಟದ್ದು ಒಂದು ಜೀವ.

ನೀರು ತಂದ ವ್ಯಾಜ್ಯ

2022ರ ಸೆಪ್ಟೆಂಬರಿನ ಮಳೆಯನ್ನು ಬೆಂಗಳೂರಿನವರು ಮರೆಯಲಾರರು. ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆಯ ಬಡಾವಣೆಗಳಲ್ಲಿ ದೋಣಿಗಳೂ ಟ್ರ್ಯಾಕ್ಟರುಗಳೂ ಓಡಾಡಿದುವು. ಬೆಲೆಬಾಳುವ ಕಾರುಗಳು ಮನೆಯಂಗಳದಲ್ಲಿಯೇ ಮುಳುಗಿ ನಿಂತವು. ಅಂಥ ನೆರೆಯ ದಿನಗಳಲ್ಲಿ ಸರ್ವೇಯರ ಪ್ರಶ್ನೆ ಒಂದೇ: ನೀರು ನಿಂತ ಕಾರಿನೊಳಕ್ಕೆ ತಾನಾಗಿ ನುಗ್ಗಿತೋ, ಅಥವಾ ನೀರಿನಲ್ಲಿ ನಿಂತ ಕಾರಿನ ಕೀಲಿಯನ್ನು ಯಾರಾದರೂ ತಿರುಗಿಸಿದರೋ?

ಈ ಪ್ರಶ್ನೆಯ ಹಿಂದೆ ಸರಳವಾದ ಭೌತಶಾಸ್ತ್ರವಿದೆ. ಇಂಜಿನಿನ ಸಿಲಿಂಡರಿನಲ್ಲಿ ಪಿಸ್ಟನ್ನು ಗಾಳಿಯನ್ನು ಒತ್ತಿ ಕುಗ್ಗಿಸುತ್ತದೆ. ಗಾಳಿಯು ಕುಗ್ಗುತ್ತದೆ, ನೀರು ಕುಗ್ಗಲೊಲ್ಲದು. ನೀರು ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ನು ಮೇಲೇರಹೊರಟರೆ, ಅದನ್ನು ತಳ್ಳುವ ಉಕ್ಕಿನ ದಂಡವೇ ಬಾಗುತ್ತದೆ. ಅಲ್ಲಿಗೆ ಇಂಜಿನಿನ ಕಥೆ ಮುಗಿದಂತೆ. ಸರ್ವೇಯರು ಸೀಟಿನ ಮೇಲೆ ಕೆಸರು ಎಳೆದ ಗೆರೆಯನ್ನು ನೋಡಿ ನೀರಿನ ಮಟ್ಟವನ್ನು ತಿಳಿಯುತ್ತಾನೆ. ಗಾಳಿಯ ಫಿಲ್ಟರು ನೆನೆದಿದೆಯೇ ಎಂದು ತೆರೆದು ನೋಡುತ್ತಾನೆ. ಎಣ್ಣೆಯ ಕಡ್ಡಿಯನ್ನೆಳೆದು, ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ಎಂದು ಪರೀಕ್ಷಿಸುತ್ತಾನೆ. ದಂಡವು ಬಾಗಿದ್ದರೆ, ನೀರು ಹೊಕ್ಕ ಇಂಜಿನು ತಿರುಗಿದೆ ಎಂಬುದು ಸಿದ್ಧ.

ನೆರೆಯಿಂದಾದ ನೇರ ಹಾನಿಗೆ ಸಮಗ್ರ ಪಾಲಿಸಿಯಲ್ಲಿ ಪರಿಹಾರವುಂಟು. ಆದರೆ ಆಮೇಲೆ ಕೀಲಿ ತಿರುಗಿಸಿದ್ದರಿಂದ ಕೆಟ್ಟ ಇಂಜಿನನ್ನು, ಒಂದು ಹಾನಿಯ ಬೆನ್ನಿಗೆ ಹುಟ್ಟಿದ ಇನ್ನೊಂದು ಹಾನಿಯೆಂದು ಕಂಪನಿಗಳು ತಳ್ಳಿಹಾಕುವುದುಂಟು. ಇಂಜಿನಿನ ರಕ್ಷಣೆಗೆಂದು ಬೇರೆಯಾಗಿ ಪ್ರೀಮಿಯಂ ಕಟ್ಟಿದ್ದರೆ ಮಾತು ಬೇರೆ. ಓದುಗರು ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕು: ನೀರಿನಲ್ಲಿ ನಿಂತ ಕಾರನ್ನು "ಒಂದು ಸಲ ನೋಡೇಬಿಡೋಣ" ಎಂದು ಚಾಲೂ ಮಾಡಕೂಡದು. ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಬೇರೆ ಗಾಡಿಯ ಸಹಾಯದಿಂದ ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು.

ಉಳಿದ ಹಣ ಎಲ್ಲಿ ಹೋಯಿತು?

ಇನ್ನು ಎಲ್ಲ ಮನೆಗಳಲ್ಲಿಯೂ ಏಳುವ ಪ್ರಶ್ನೆ. ಮೂರೂವರೆ ವರ್ಷದ ಹಳೆಯ ಚಿಕ್ಕ ಕಾರೊಂದು ಮರಕ್ಕೆ ಬಡಿಯಿತೆಂದು ಭಾವಿಸಬಹುದು. ಗ್ಯಾರೇಜಿನ ಬಿಲ್ಲು 38,000 ರೂಪಾಯಿ. ಕಂಪನಿಯಿಂದ ಬಂದದ್ದು 29,500. "ಅಲ್ಲಾ ರೀ, ವರ್ಷ ವರ್ಷವೂ ಪ್ರೀಮಿಯಂ ಕಟ್ಟಿದ್ದು ಈ ಭಾಗ್ಯಕ್ಕೇನು?" ಎಂದು ಮನೆಯಾಕೆ ಕೇಳಿದರೆ ಯಜಮಾನರಲ್ಲಿ ಉತ್ತರವಿರುವುದಿಲ್ಲ. ಉತ್ತರವು ಸರ್ವೇಯರ ಹಾಳೆಯಲ್ಲಿದೆ.

ವಿಮೆಯ ಮೂಲತತ್ತ್ವವೆಂದರೆ, ಅಪಘಾತದ ಹಿಂದಿನ ಗಳಿಗೆಯಲ್ಲಿ ಇದ್ದ ಸ್ಥಿತಿಗೆ ವಿಮೆದಾರನನ್ನು ಮರಳಿಸುವುದು, ಅದಕ್ಕಿಂತ ಮೇಲಕ್ಕೇರಿಸುವುದಲ್ಲ. ಸವೆದ ಭಾಗದ ಬದಲಿಗೆ ಹೊಚ್ಚ ಹೊಸದನ್ನು ಕೊಟ್ಟರೆ ಆ ಸವೆತದಷ್ಟು ಬೆಲೆಯನ್ನು ಕಳೆಯುತ್ತಾರೆ. 2002ರ ಭಾರತೀಯ ಮೋಟಾರು ಟ್ಯಾರಿಫಿನಲ್ಲಿ ನಮೂದಾದ ದರಗಳೇ ಸಾಮಾನ್ಯ ಪಾಲಿಸಿಗಳಿಗೆ ಬಹುಮಟ್ಟಿಗೆ ಆಧಾರ. ರಬ್ಬರು, ನೈಲಾನು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೆ ನೂರಕ್ಕೆ 50 ಕಳೆಯಬೇಕು, ಫೈಬರ್‌ಗ್ಲಾಸಿಗೆ 30, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸೇ ಅಳತೆ: ಮೊದಲ ಆರು ತಿಂಗಳು ಕಳೆಯುವುದಿಲ್ಲ, ವರ್ಷದೊಳಗೆ 5, ಎರಡರೊಳಗೆ 10, ಮೂರರೊಳಗೆ 15, ನಾಲ್ಕರೊಳಗೆ 25, ಐದರೊಳಗೆ 35, ಹತ್ತರೊಳಗೆ 40, ಆಮೇಲೆ 50.

ಈಗ ಲೆಕ್ಕ. ಪ್ಲಾಸ್ಟಿಕ್ಕಿನ ಬಂಪರು 6,000. ಅರ್ಧ ಹೋಗಿ 3,000. ಬಾನೆಟ್ಟು 8,000, ಮಡ್‌ಗಾರ್ಡು 4,000. ಕಾಲುಪಾಲು ಹೋಗಿ 6,000 ಮತ್ತು 3,000. ಮುಂದಿನ ಗಾಜು 7,000, ಪೂರ್ತಿ ಸಲ್ಲುತ್ತದೆ. ಕೂಲಿ 5,000, ಅದೂ ಪೂರ್ತಿ. ಬಣ್ಣ ಹೊಡೆದ ಬಿಲ್ಲು ಒಟ್ಟಾಗಿ 8,000. ಇದರಲ್ಲಿ ನಾಲ್ಕನೆಯ ಒಂದು ಭಾಗವಾದ 2,000ವನ್ನು ಬಣ್ಣದ ಸಾಮಗ್ರಿಯೆಂದೆಣಿಸಿ, ಅದರಲ್ಲಿ ಅರ್ಧ ಕಳೆದರೆ ಸಲ್ಲುವುದು 7,000. ಒಟ್ಟು 31,000. ಇಂಜಿನು 1500 ಸಿಸಿಗೆ ಮೀರದ ಕಾರಾದುದರಿಂದ ಪ್ರತಿ ಕ್ಲೇಮಿನಲ್ಲಿಯೂ ಯಜಮಾನರೇ ಹೊರಬೇಕಾದ 1,000 ರೂಪಾಯಿಯನ್ನು ಕಳೆಯಬೇಕು. ಹಳೆಯ ಬಾನೆಟ್ಟೂ ಮಡ್‌ಗಾರ್ಡೂ ಗುಜರಿಗೆ ಹೋದರೆ 500 ಬಂದೀತು. ಅದನ್ನೂ ಕಳೆದರೆ ಉಳಿಯುವುದು 29,500. ಹೆಚ್ಚು ಪ್ರೀಮಿಯಂ ಕೊಟ್ಟು, ಸವಕಳಿಯನ್ನು ಕಳೆಯದ ಪಾಲಿಸಿಯನ್ನು ಕೊಂಡಿದ್ದರೆ 7,000 ರೂಪಾಯಿಯ ಸವಕಳಿ ಉಳಿಯುತ್ತಿತ್ತು. ಬರಿಯ ಮೂರನೆಯವರ ಹಾನಿಗೆಂದು ಮಾಡಿಸಿದ ಕಡ್ಡಾಯದ ಪಾಲಿಸಿ ಮಾತ್ರವಿದ್ದರೆ ಸ್ವಂತ ಕಾರಿಗೆ ಚಿಕ್ಕಾಸೂ ಬರುತ್ತಿರಲಿಲ್ಲ.

ಹಾನಿಯು ಬಹಳ ದೊಡ್ಡದಾದಾಗ ಬೇರೊಂದು ಗೆರೆ ಅಡ್ಡ ಬರುತ್ತದೆ. ರಿಪೇರಿಯ ವೆಚ್ಚವು ಪಾಲಿಸಿಯಲ್ಲಿ ಘೋಷಿಸಿದ ಬೆಲೆಯ ನೂರಕ್ಕೆ 75ನ್ನು ಮೀರಿದರೆ ಕಾರು ಪೂರ್ತಿ ನಷ್ಟವಾದಂತೆಯೇ. ನಾಲ್ಕು ಲಕ್ಷದ ಕಾರಿಗೆ ರಿಪೇರಿಯು ಮೂರು ಲಕ್ಷವನ್ನು ದಾಟಿತೆಂದರೆ, ಎಷ್ಟು ಮಮತೆಯ ಕಾರಾದರೂ ಅದನ್ನು ಬೀಳ್ಕೊಡುವುದೇ ಲೇಸು. ಪ್ರೀಮಿಯಂ ಉಳಿಸುವ ಆಸೆಯಿಂದ ಘೋಷಿತ ಬೆಲೆಯನ್ನು ತಗ್ಗಿಸಿ ಬರೆಸಿದವರು ಪಶ್ಚಾತ್ತಾಪ ಪಡುವುದು ಆ ದಿನವೇ.

ತಕ್ಕಡಿಯ ಮುಳ್ಳು

ಸರ್ವೇಯರಿಗೆ ಸಂಬಳದಂತೆ ಫೀಜು ಕೊಡುವುದು ಕಂಪನಿ. ಬಾಗಿಲಲ್ಲಿ ಕಾಫಿ ಹಿಡಿದು ನಿಲ್ಲುವುದು ಕಾರಿನ ಯಜಮಾನ. ಗ್ಯಾರೇಜಿನವನಿಗೋ ಬಿಲ್ಲು ಬೆಳೆದಷ್ಟೂ ಸುಖ. ಮೂವರ ನಡುವೆ ನಿಂತು, ಮೂವರಲ್ಲಿ ಯಾರಿಗೂ ಸೇರದೆ ಉಳಿಯುವುದು ಈ ವೃತ್ತಿಯ ಅತಿ ಕಠಿಣ ಪಾಠ. ಅದು ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದು. ಗ್ಯಾರೇಜಿನೊಡನೆ ಕೈಗೂಡಿಸಿದ ಸರ್ವೇಯರು ಬೇಲಿಯೇ ಎದ್ದು ಹೊಲ ಮೇದಂತೆ. ಆ ನಷ್ಟವು ಕೊನೆಗೆ ಎಲ್ಲರ ಪ್ರೀಮಿಯಮ್ಮಿನ ಮೇಲೆಯೇ ಬೀಳುತ್ತದೆ. ಕಂಪನಿಯ ಮೆಚ್ಚುಗೆಗಾಗಿ ನ್ಯಾಯವಾದ ಬಿಲ್ಲನ್ನು ಮೊಟಕುಮಾಡುವ ಸರ್ವೇಯರೂ ಅಷ್ಟೇ ಅಪರಾಧಿ. ಆ ನಷ್ಟವು ಒಂದೇ ಮನೆಯ ಮೇಲೆ ಬೀಳುತ್ತದೆ. ಆ ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಗ್ಯಾರೇಜಿಗೆ ಹೋದೀತು.

ಆದುದರಿಂದಲೇ ಆತನ ವರದಿಯನ್ನು ಬ್ರಹ್ಮಲಿಖಿತವೆಂದು ಯಾರೂ ಎಣಿಸಬೇಕಾಗಿಲ್ಲ. ಲಾರಿಯೊಂದರ ಅಪಘಾತದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಸರ್ವೇಯರ ವರದಿಯು ಕ್ಲೇಮಿಗೆ ಆಧಾರವಾಗಬಹುದು, ಆದರೆ ಅದೇ ಕೊನೆಯ ಮಾತಲ್ಲ. ಹಾಗೆಂದು ಸಕಾರಣವಿಲ್ಲದೆ ಅದನ್ನು ಬದಿಗೊತ್ತುವಂತೆಯೂ ಇಲ್ಲ. ಅನ್ಯಾಯವಾಯಿತೆಂದು ತೋರಿದರೆ ಯಜಮಾನರು ವರದಿಯ ಪ್ರತಿಯನ್ನು ಕೇಳಿ ಪಡೆದು, ಯಾವ ಬಾಬಿನಲ್ಲಿ ಎಷ್ಟು, ಏಕೆ ಕಳೆದರೆಂದು ಮೊದಲು ಓದಬೇಕು. ಒಪ್ಪಿಗೆಯಾಗದಿದ್ದರೆ ಕಂಪನಿಗೆ ಬರೆಯಬೇಕು. ಅಲ್ಲಿಯೂ ಉತ್ತರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ವಕೀಲರ ಅಗತ್ಯವಿಲ್ಲ, ಶುಲ್ಕವೂ ಇಲ್ಲ.

ಈಗ ಸಣ್ಣ ಹಾನಿಗಳಿಗೆ ಸರ್ವೇಯರು ಬರುವುದೇ ಅಪರೂಪವಾಗುತ್ತಿದೆ. ಯಜಮಾನರೇ ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸುತ್ತಾರೆ. ಎಷ್ಟೋ ವೇಳೆ ಗಣಕವೇ ಅದನ್ನು ನೋಡಿ ಬೆಲೆ ಕಟ್ಟುತ್ತದೆ. ಹಣ ಬೇಗ ಬರುತ್ತದೆ, ಅದು ಒಳ್ಳೆಯದೇ. ಆದರೆ ಫೋಟೋ ತೋರುವುದು ಮೇಲಿನ ತಗಡನ್ನು. ತಟ್ಟಿದರೆ ಬರುವ ಸದ್ದು, ಅಡಿಗಟ್ಟಿನ ಓರೆ, ಎಣ್ಣೆಯ ಬಣ್ಣ, ಸುಟ್ಟ ತಂತಿಯ ವಾಸನೆ ಇವುಗಳು ಫೋಟೋದಲ್ಲಿ ಬಾರವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ ಮಾತು ಈ ವೃತ್ತಿಗೆಂದೇ ಹುಟ್ಟಿದಂತಿದೆ.

ಮುಂದಿನ ಸಲ ಗ್ಯಾರೇಜಿನಲ್ಲಿ ಯಾರೋ ಒಬ್ಬರು ಕಾರಿನ ಮುಂದೆ ಮಂಡಿಯೂರಿ ಕುಳಿತದ್ದನ್ನು ಕಂಡರೆ ಯಜಮಾನರು ಕಸಿವಿಸಿಗೊಳ್ಳಬೇಕಾಗಿಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಿ, ಕಾಗದಗಳನ್ನು ಮುಂದಿಟ್ಟು, ಪಕ್ಕಕ್ಕೆ ಸರಿದು ನಿಂತರೆ ಸಾಕು. ಸತ್ಯವನ್ನು ಹೇಳಿದವರ ಪಕ್ಷದಲ್ಲಿ ಆ ಜಜ್ಜಿದ ತಗಡೇ ಸಾಕ್ಷಿ ನುಡಿಯುತ್ತದೆ. ಓದಬಲ್ಲ ಕಣ್ಣೊಂದು ಎದುರಿಗಿರಬೇಕು, ಅಷ್ಟೆ.